ಟಾರ್ಗೆಟ್ ಸಾಹೇಬರಿಗೆ ಬಸವಾಪಟ್ಟಣದಿಂದ ಒಂದು ಬಹಿರಂಗ ಅರ್ಜಿ

ಮಾನ್ಯ ರೀಜನಲ್ ಮ್ಯಾನೇಜರ್ ಸಾಹೇಬರ ಸನ್ನಿಧಿಗೆ,

ಬಸವಾಪಟ್ಟಣ ಶಾಖೆಯ ಎರಡನೇ ಕೌಂಟರಿನ ಗುಮಾಸ್ತ ಮಾಡುವ ನಮಸ್ಕಾರಗಳು. ಬ್ಯಾಂಕಿನ ಹೆಸರು ಬರೆದಿಲ್ಲ. ಬೇರೆ ಬ್ಯಾಂಕಿನ ಸಾಹೇಬರೂ ಇದು ತಮಗೇ ಬಂದದ್ದೆಂದು ಓದಿಕೊಂಡರೆ ಅಂಚೆ ಖರ್ಚು ಉಳಿಯಿತು.

ಮೊದಲು ಅಭಿನಂದನೆ. ಮೊನ್ನೆ ವಿಡಿಯೊ ಮೀಟಿಂಗಿನಲ್ಲಿ "ಬಸವಾಪಟ್ಟಣ ಮಲಗಿದೆಯೇನ್ರೀ?" ಎಂದು ತಾವು ಗರ್ಜಿಸಿದ್ದು ನೆಟ್‌ವರ್ಕ್ ಇಲ್ಲದೆಯೂ ಸೂಳೆಕೆರೆವರೆಗೆ ಕೇಳಿಸಿರಬೇಕು. ನಾವು ಮಲಗಿರಲಿಲ್ಲ ಸ್ವಾಮಿ. ಸರ್ಕಾರದ ಜೀವನ ಜ್ಯೋತಿ ವಿಮೆಗೆ 18ರಿಂದ 50 ವರ್ಷದೊಳಗಿನವರನ್ನು ಹುಡುಕುತ್ತಿದ್ದೆವು. ಆ ವಯಸ್ಸಿನವರು ಬೆಂಗಳೂರಿಗೆ ಹೋಗಿದ್ದಾರೆ, ಇಲ್ಲವೇ ತೋಟದಲ್ಲಿದ್ದಾರೆ. ಕೌಂಟರಿಗೆ ಬರುವವರು ಪಿಂಚಣಿಯ ಅಜ್ಜಿಯರು. ಐವತ್ತು ದಾಟಿದವರನ್ನು ಸೇರಿಸಿಕೊಳ್ಳುವ ಹಾಗಿಲ್ಲ ಸಾರ್ ಎಂದಿದ್ದಕ್ಕೆ "ನೆಗೆಟಿವ್ ಮಾತು ಬೇಡ" ಎಂದಿರಿ. ಅಂದಿನಿಂದ ಅಜ್ಜಿಯರ ವಯಸ್ಸನ್ನು ಪಾಸಿಟಿವ್ ಆಗಿ ನೋಡಲು ಪ್ರಯತ್ನಿಸುತ್ತಿದ್ದೇನೆ. ಆಧಾರ್ ಕಾರ್ಡು ಒಪ್ಪುತ್ತಿಲ್ಲ.

ಯೋಜನೆಯ ಮೇಲೆ ನನಗೆ ಸಿಟ್ಟಿಲ್ಲ. ವರ್ಷಕ್ಕೆ 436 ರೂಪಾಯಿಗೆ ಎರಡು ಲಕ್ಷದ ರಕ್ಷಣೆ, ಅಪಘಾತ ವಿಮೆಯಾದರೆ ಬರೀ 20 ರೂಪಾಯಿ. ಕೂತು ತಿಳಿಸಿ ಹೇಳಿದರೆ ಒಪ್ಪುವವರು ಇದ್ದಾರೆ. ಆದರೆ ಕೂರಲು ಹೊತ್ತೆಲ್ಲಿದೆ? ಪ್ರತಿ ಗಂಟೆಗೊಮ್ಮೆ ಗ್ರೂಪಿನಲ್ಲಿ ಅಂಕಿ ಹಾಕಬೇಕು. ಅಂಕಿ ಹಾಕುವ ಹೊತ್ತಿನಲ್ಲಿ ಅಂಕಿ ಹುಟ್ಟುವುದಿಲ್ಲ.

ಇನ್ನು ತಮ್ಮ ಬಾಯಿಮಾತಿನ ಆದೇಶ. "ಖಾತೆಯಲ್ಲಿ ದುಡ್ಡಿದ್ದರೆ ಕತ್ತರಿಸು, ಸಹಿ ಆಮೇಲೆ" ಎಂದು ಫೋನಿನಲ್ಲಿ ಹೇಳಿದಿರಿ. ಅದನ್ನೇ ಒಂದು ಮೇಲ್‌ನಲ್ಲಿ ಬರೆದು ಕಳಿಸಿ ಸಾರ್ ಎಂದು ವಿನಯದಿಂದ ಕೇಳಿಕೊಂಡೆ. ಅಷ್ಟು ದೊಡ್ಡ ಗಂಟಲು ಅಷ್ಟು ಬೇಗ ಕಟ್ಟಿದ್ದನ್ನು ನಾನು ಕಂಡಿರಲಿಲ್ಲ. ಅಂದಿನಿಂದ ನಮ್ಮ ಶಾಖೆಯಲ್ಲಿ ಎಲ್ಲರೂ "ಬರೆದು ಕಳಿಸಿ ಸಾರ್" ಎನ್ನುವುದನ್ನು ಕಲಿತಿದ್ದಾರೆ. ಅಟೆಂಡರ್ ಕೂಡ.

ಕೋಲ್ಕತ್ತದ ಒಬ್ಬ ಬ್ಯಾಂಕ್ ಸಾಹೇಬರು ಒಂದೇ ದಿನದಲ್ಲಿ 75 ಪಾಲಿಸಿ ಮಾರಿ ಎಂದು ಮೀಟಿಂಗಿನಲ್ಲಿ ಸಿಬ್ಬಂದಿಯನ್ನು ಬೈದ ವಿಡಿಯೊ 2023ರ ಜೂನ್‌ನಲ್ಲಿ ದೇಶವೆಲ್ಲ ಸುತ್ತಿತು. ಬ್ಯಾಂಕು ಅವರನ್ನು ಅಮಾನತು ಮಾಡಿತು. ಅವರಿಗೆ ಆ ಟಾರ್ಗೆಟ್ ಕೊಟ್ಟವರು ಯಾರೆಂದು ಮಾತ್ರ ಯಾವ ವಿಡಿಯೊದಲ್ಲೂ ಬರಲಿಲ್ಲ. ತಮ್ಮನ್ನೂ ಯಾರೋ ಬೈಯುತ್ತಾರೆಂದು ನನಗೆ ಗೊತ್ತು. ಮುಂಬೈಯಲ್ಲಿ ಹೊರಟ ಬೈಗುಳ ಬೆಂಗಳೂರು, ದಾವಣಗೆರೆ, ಚನ್ನಗಿರಿ ದಾಟಿ ನಮ್ಮ ಕೌಂಟರಿಗೆ ಬರುತ್ತದೆ. ಇಲ್ಲಿಂದ ಮುಂದೆ ದಾರಿಯಿಲ್ಲ, ಎದುರಿಗೆ ನಿಂತ ಖಾತೆದಾರರ ಪಾಸ್‌ಬುಕ್ಕಿನಲ್ಲಿ ಡೆಬಿಟ್ ಆಗಿ ಇಳಿಯುತ್ತದೆ.

ಈ ಊರಿಗೆ ಒತ್ತಾಯ ಹೊಸದಲ್ಲ. ತರೀಕೆರೆ ಪಾಳೇಗಾರರ ಮೂಲ ನೆಲೆ ಇದೇ ಬಸವಾಪಟ್ಟಣ. ಪೈರು ಬರುವ ಮೊದಲೇ ಪಾಲು ಕೇಳಿದರೆ ಸಿಗುವುದಿಲ್ಲ ಎಂಬಷ್ಟು ಅವರಿಗೂ ತಿಳಿದಿದ್ದೀತು. ಅಡಿಕೆ ಕೊಯ್ದು, ಬೇಯಿಸಿ, ಒಣಗಿಸಿ, ಚನ್ನಗಿರಿಗೆ ಹೋಗಿ ಮಾರಿದ ಮೇಲೆ ನಮ್ಮವರ ಕೈಗೆ ಕಾಸು. ತಮ್ಮ ತಿಂಗಳು ಮಾತ್ರ ಮೂವತ್ತಕ್ಕೇ ಮುಗಿಯುತ್ತದೆ. 1928ರಲ್ಲಿ ಉಡುಪಿಯ ಸಿಂಡಿಕೇಟ್ ಬ್ಯಾಂಕಿನವರು ಪಿಗ್ಮಿ ಠೇವಣಿ ಶುರು ಮಾಡಿ ಮನೆಮನೆಗೆ ಹೋಗಿ ದಿನಕ್ಕೆ ಎರಡಾಣೆ ಕೂಡಿಸಿದರು. ಜನರ ಸಂಪಾದನೆಯ ಲೆಕ್ಕಕ್ಕೆ ಬ್ಯಾಂಕು ಬಗ್ಗಿದ ಕಾಲವದು. ಆ ಬ್ಯಾಂಕು 2020ರಲ್ಲಿ ಕೆನರಾದಲ್ಲಿ ಲೀನವಾಯಿತು, ಆ ಬುದ್ಧಿ ಎಲ್ಲಿ ಲೀನವಾಯಿತೋ ಗೊತ್ತಿಲ್ಲ.

ನನ್ನ ಕೋರಿಕೆ ಇಷ್ಟೇ. ಪಿಂಚಣಿ ಬರುವ ವಾರದಲ್ಲಿ ಒಂದು ದಿನ ತಾವು ನನ್ನ ಕುರ್ಚಿಯಲ್ಲಿ ಕೂರಬೇಕು. ಫ್ಯಾನು ತಿರುಗುತ್ತದೆ, ಗಾಳಿ ಬರುವುದಿಲ್ಲ. ಪ್ರಿಂಟರ್ ನಿಂತರೆ ಮೇಲೆ ಮೆಲ್ಲಗೆ ತಟ್ಟಿದರೆ ಸಾಕು. ಸರ್ವರ್ ಬಿದ್ದಾಗ ಜನರ ಮುಖ ನೋಡಬೇಡಿ. ಅಂದಿನ ಟಾರ್ಗೆಟ್ ಎಷ್ಟೆಂದು ತಾವೇ ನಿಗದಿ ಮಾಡಿಕೊಳ್ಳಿ.

ಇತಿ ತಮ್ಮ ವಿಧೇಯ,
ಎರಡನೇ ಕೌಂಟರ್

ತಾ.ಕ.: ಹಿಂದಿನ ಕ್ಯಾಂಪೇನಿನಲ್ಲಿ ಕೇಳದೆ ಕತ್ತರಿಸಿದ 436 ರೂಪಾಯಿ ಎಲ್ಲಿ ಹೋಯಿತೆಂದು ಒಬ್ಬ ತಾಯಿ ದಿನಾ ಬಂದು ಕೇಳುತ್ತಿದ್ದಾರೆ. ತಮ್ಮ ಮೊಬೈಲ್ ನಂಬರ್ ಬರೆದುಕೊಟ್ಟಿದ್ದೇನೆ. ಅವರು ಬೆಳಗಿನ ಜಾವ ಐದಕ್ಕೇ ಏಳುತ್ತಾರೆ.