ಕಳ್ಳರ ಓಲೆ, ಮೇಷ್ಟ್ರ ಕೆಂಪು ಶಾಯಿ

ಅಂಚೆಯವರು ನಮ್ಮ ಬೀದಿಗೆ ಬಂದರೆ ಈಗ ನಾಯಿಗಳು ಹೊಸಬರನ್ನು ಕಂಡ ಹಾಗೆ ಬೊಗಳುತ್ತವೆ. ನೆಂಟರು ಕಾಗದ ಬರೆಯುವುದನ್ನು ಬಿಟ್ಟು ಯಾವ ಕಾಲವಾಯಿತೋ. ಮದುವೆಯ ಕರೆಯೋಲೆ ವಾಟ್ಸಾಪಿನಲ್ಲಿ ಬರುತ್ತದೆ, ವೈಕುಂಠ ಸಮಾರಾಧನೆಯದೂ ಅಲ್ಲೇ ಬರುತ್ತದೆ. ಇಂಥ ಬರಗಾಲದಲ್ಲೂ ತಪ್ಪದೆ ನನಗೆ ಪತ್ರ ಬರೆಯುವವರು ಕೆಲವರಿದ್ದಾರೆ. ನನ್ನ ಖಾತೆಗೆ ಏನಾದರೂ ಆದೀತೆಂದು ಹಗಲೂ ರಾತ್ರಿ ಅವರಿಗೆ ಚಿಂತೆ. ನಿನ್ನೆ ನಡುರಾತ್ರಿ ಯಾರೋ ಮಾಸ್ಕೋದಲ್ಲಿ ಕೂತು ನನ್ನ ಖಾತೆ ತೆರೆಯಲು ನೋಡಿದರಂತೆ. ಇವರು ನಿದ್ದೆಗೆಟ್ಟು ತಡೆದರಂತೆ. ಇಷ್ಟೆಲ್ಲ ಉಪಕಾರ ಮಾಡಿ ಅವರು ಕೇಳುವುದು ಒಂದೇ ಒಂದು. ಕೆಳಗಿರುವ ನೀಲಿ ಗುಂಡಿ ಒತ್ತಿ, ಪಾಸ್‌ವರ್ಡನ್ನು ಇನ್ನೊಮ್ಮೆ ಬರೆದು, ನಾನು ನಾನೇ ಎಂದು ರುಜುವಾತು ಮಾಡಬೇಕು. ಕಳ್ಳರು, ಒಪ್ಪುತ್ತೇನೆ. ಆದರೆ ಇಷ್ಟು ಕಾಳಜಿ ನನ್ನ ಷಡ್ಡಕನಿಗೂ ಇಲ್ಲ.

ಈ ಪತ್ರಗಳಿಗೆ ನಮ್ಮ ಮನೆಯಲ್ಲಿ ನನಗಿಂತ ಶ್ರದ್ಧೆಯ ಓದುಗರೊಬ್ಬರಿದ್ದಾರೆ. ನಮ್ಮ ಮಾವನವರು. ನಂಜನಗೂಡಿನಲ್ಲಿ ಹೈಸ್ಕೂಲ್ ಮಕ್ಕಳಿಗೆ ಇಂಗ್ಲಿಷ್ ಹೇಳಿಕೊಟ್ಟು ನಿವೃತ್ತರಾಗಿ ಈಗ ಮೈಸೂರಿನಲ್ಲಿ ನಮ್ಮ ಜೊತೆಗಿದ್ದಾರೆ. ಊರಿಗೆಲ್ಲ ಅವರು ಮೇಷ್ಟ್ರು, ನನಗೂ ಅದೇ ರೂಢಿ. ಕೆಲಸದಿಂದ ನಿವೃತ್ತರಾದರೂ ಕೆಂಪು ಶಾಯಿಯ ಪೆನ್ನಿನಿಂದ ನಿವೃತ್ತರಾಗಿಲ್ಲ. ಅವರಿಗೂ ನನಗೂ ಬರುವ ಕಳ್ಳಮೇಲುಗಳನ್ನು ಪ್ರಿಂಟ್ ತೆಗೆಸಿಕೊಂಡು, ಊಟವಾದ ಮೇಲೆ ಜಗಲಿಯಲ್ಲಿ ಕೂತು ತಿದ್ದುತ್ತಾರೆ. ‘ಯುವರ್ ಅಕೌಂಟ್ ಹ್ಯಾಸ್ ಬೀನ್ ಲಿಮಿಟ್’ ಎಂದಿದ್ದರೆ ಅಡಿಗೆರೆ ಎಳೆದು, ‘ಲಿಮಿಟೆಡ್ ಆಗಬೇಕು, ಮುಂಡೇದಕ್ಕೆ ಪಾಸಿವ್ ವಾಯ್ಸ್ ಬರೋದಿಲ್ಲ’ ಎಂದು ಗೊಣಗುತ್ತಾರೆ. ಕೊನೆಗೆ ಹತ್ತಕ್ಕೆ ಇಷ್ಟು ಎಂದು ಅಂಕ ಕೊಡುತ್ತಾರೆ. ‘ಕೈಂಡ್ಲಿ ಡು ದಿ ನೀಡ್‌ಫುಲ್’ ಎಂಬ ಸಾಲನ್ನು ಮಾತ್ರ ಅವರು ಎಂದೂ ಮುಟ್ಟಿದವರಲ್ಲ. ರಜಾ ಅರ್ಜಿಗೆ ಆ ಸಾಲನ್ನು ಮೂರು ತಲೆಮಾರಿಗೆ ಕಲಿಸಿದವರು ಅವರೇ.

ಮೇಷ್ಟ್ರ ಸಿದ್ಧಾಂತ ಸರಳ. ಮೂರಕ್ಕಿಂತ ಹೆಚ್ಚು ವ್ಯಾಕರಣದೋಷ ಇದ್ದರೆ ಬರೆದವನು ಕಳ್ಳ. ಬಹಳ ಕಾಲ ಈ ಸಿದ್ಧಾಂತ ಅವರನ್ನು ಕಾಪಾಡಿತು. ಒಂದೇ ತೊಡಕೆಂದರೆ, ಇದರ ಪ್ರಕಾರ ನಮ್ಮ ಬಡಾವಣೆಯ ಸಂಘ, ನೀರಿನ ಕಚೇರಿ ಮತ್ತು ನನ್ನ ಮಗನ ಕಾಲೇಜು ಕೂಡ ಒಳಗೆ ಹೋಗಬೇಕಾಗುತ್ತದೆ.

ಸಿದ್ಧಾಂತಕ್ಕೆ ಮೊದಲ ಪೆಟ್ಟು ಕೊಟ್ಟವನು ಅವರ ಸ್ವಂತ ಮೊಮ್ಮಗ, ನನ್ನ ಭಾವಮೈದನ ಮಗ. ಪರದೇಶದವರಿಗೆ ವೆಬ್‌ಸೈಟ್ ಮಾಡಿಕೊಟ್ಟು ಪೇಪಾಲ್‌ನಲ್ಲಿ ಡಾಲರ್ ತರಿಸಿಕೊಳ್ಳುವ ಹುಡುಗ. ಅವನು ಹೇಳಿದ: ‘ತಾತ, ಅವರು ತಪ್ಪು ಬರೆಯೋದು ಇಂಗ್ಲಿಷ್ ಬರದೆ ಅಂತಲೇ ಅಲ್ಲ. ಬೇಕು ಅಂತಲೂ ಬರೀಬಹುದು.’ ಮೈಕ್ರೋಸಾಫ್ಟ್ ರಿಸರ್ಚ್‌ನ ಕಾರ್ಮ್ಯಾಕ್ ಹರ್ಲಿ ಎಂಬ ಸಂಶೋಧಕ 2012ರಲ್ಲಿ ಇದೇ ಪ್ರಶ್ನೆ ಹಿಡಿದು ಪ್ರಬಂಧ ಬರೆದಿದ್ದಾನೆ. ನೈಜೀರಿಯಾದ ರಾಜಕುಮಾರನ ಹೆಸರಿನಲ್ಲಿ ಮೋಸ ಎಂದರೆ ಜಗತ್ತಿಗೇ ಗೊತ್ತು. ಹಾಗಿದ್ದೂ ಆ ವಂಚಕರು ತಾವು ನೈಜೀರಿಯಾದವರೆಂದು ಯಾಕೆ ಹೇಳಿಕೊಳ್ಳುತ್ತಾರೆ? ಹರ್ಲಿಯ ಉತ್ತರ ಇದು: ಮೇಲ್ ಕಳಿಸಲು ಖರ್ಚಿಲ್ಲ, ಉತ್ತರ ಕೊಟ್ಟವನ ಹಿಂದೆ ವಾರಗಟ್ಟಲೆ ಬೀಳುವುದಕ್ಕೆ ಖರ್ಚಿದೆ. ಅರ್ಧ ದಾರಿಯಲ್ಲಿ ಎಚ್ಚರಗೊಳ್ಳುವ ಬುದ್ಧಿವಂತನಿಂದ ವಂಚಕನಿಗೆ ನಷ್ಟ. ಆದ್ದರಿಂದ ಓದಿದ ಕೂಡಲೇ ನಗುವಂಥ ಪತ್ರ ಬರೆದರೆ ನಗುವವರೆಲ್ಲ ತಾವಾಗಿಯೇ ಉದುರಿಹೋಗಿ, ನಗದವರು ಮಾತ್ರ ಜರಡಿಯಲ್ಲಿ ಉಳಿಯುತ್ತಾರೆ.

ಮೇಷ್ಟ್ರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಬೇಡವೆಂದರೂ ತಪ್ಪು ಬರೆಯುವ ಮಕ್ಕಳ ನಡುವೆ ಆಯುಷ್ಯ ಸವೆಸಿದವರಿಗೆ, ಬೇಕೆಂದೇ ತಪ್ಪು ಬರೆಯುವವರೂ ಇದ್ದಾರೆಂಬುದು ಕಳ್ಳತನಕ್ಕಿಂತ ದೊಡ್ಡ ಅಪರಾಧವಾಗಿ ಕಂಡಿತು.

ಎರಡನೆಯ ಪೆಟ್ಟನ್ನು ಕಳ್ಳರೇ ಕೊಟ್ಟರು. ಕೃತಕ ಬುದ್ಧಿಮತ್ತೆ ಬಂದ ಮೇಲೆ ಅವರ ಇಂಗ್ಲಿಷ್ ಸುಧಾರಿಸಿತು. ಒಂದು ಮಧ್ಯಾಹ್ನ ಮೇಷ್ಟ್ರಿಗೇ ಒಂದು ಮೇಲ್ ಬಂತು. ಅವರ ಪೇಪಾಲ್ ಖಾತೆಯಲ್ಲಿ ಅಸಹಜ ಚಟುವಟಿಕೆ ಕಂಡುಬಂದಿದೆ, ಇಪ್ಪತ್ತನಾಲ್ಕು ಗಂಟೆಯೊಳಗೆ ವಿವರ ದೃಢಪಡಿಸದಿದ್ದರೆ ಖಾತೆ ಬಂದ್. ಕಾಮಾ ಕಾಮಾದ ಜಾಗದಲ್ಲಿ, ಸೆಮಿಕೋಲನ್ ಸೆಮಿಕೋಲನ್ನಿನ ಜಾಗದಲ್ಲಿ. ಪೆನ್ನಿನ ಟೋಪಿ ತೆಗೆದವರು ಹಾಗೇ ಹಾಕಿಬಿಟ್ಟರು. ಹತ್ತಕ್ಕೆ ಹತ್ತು. ‘ಸೆಮಿಕೋಲನ್ ಸರಿಯಾಗಿ ಹಾಕೋ ಮನುಷ್ಯ ಕಳ್ಳ ಆಗಿರೋದಕ್ಕೆ ಸಾಧ್ಯವೇ ಇಲ್ಲ’ ಎಂದು ನನ್ನ ಹೆಂಡತಿಯನ್ನು ಕರೆದು, ಆ ಗುಂಡಿ ಎಲ್ಲಿ ಒತ್ತಬೇಕು ಎಂದು ಕೇಳಿದರು.

‘ಅಪ್ಪಾ, ನಿಮಗೆ ಪೇಪಾಲ್ ಖಾತೆ ಎಲ್ಲಿದೆ?’

‘ಇಲ್ಲ. ಆದರೂ ಬಂದ್ ಆಗಬಾರದಲ್ಲಮ್ಮ.’

ನಗಬೇಡಿ. ಇಂಥ ಪತ್ರಗಳ ಶಕ್ತಿಯೇ ಅದು. ಖಾತೆ ಇದೆಯೋ ಇಲ್ಲವೋ ಎಂದು ಯೋಚಿಸುವ ಮೊದಲೇ ಅದು ಹೋಗುತ್ತಿದೆ ಎಂಬ ಭಯ ಬಂದು ಕೂರುತ್ತದೆ. ಅಸಲಿಗೆ ಪೇಪಾಲ್ 2021ರ ಏಪ್ರಿಲ್ 1ರಿಂದ ಭಾರತದೊಳಗಿನ ಪಾವತಿಗಳನ್ನೇ ನಿಲ್ಲಿಸಿದೆ. ಹೊರದೇಶದ ವ್ಯವಹಾರಕ್ಕೆ ಮಾತ್ರ ಇಲ್ಲಿದೆ. ಮೇಷ್ಟ್ರ ಹೊರದೇಶದ ವ್ಯವಹಾರವೆಂದರೆ ಹೂಸ್ಟನ್ನಿನಲ್ಲಿರುವ ತಂಗಿಯ ಮಗಳಿಗೆ ಚಟ್ನಿಪುಡಿ ಕಳಿಸುವುದು.

ಅಂದು ಸಂಜೆ ಮೊಮ್ಮಗ ತಾತನಿಗೆ ಪಾಠ ಶುರುಮಾಡಿದ. ನಾನೂ ಹಿಂದಿನ ಬೆಂಚಿನಲ್ಲಿ ಕೂತೆ. ವ್ಯಾಕರಣ ನೋಡಬೇಡಿ, ವಿಳಾಸ ನೋಡಿ ಎಂಬುದು ಪಾಠದ ಮೊದಲ ಸಾಲು. ಮೇಲೆ ದಪ್ಪಕ್ಷರದಲ್ಲಿ ಕಾಣುವ ಹೆಸರನ್ನು ಯಾರು ಏನು ಬೇಕಾದರೂ ಇಟ್ಟುಕೊಳ್ಳಬಹುದು. ಅದರ ಮೇಲೆ ಬೆರಳಿಟ್ಟರೆ ಒಳಗಿನ ನಿಜವಾದ ವಿಳಾಸ ಹೊರಬೀಳುತ್ತದೆ. ಲಿಂಕನ್ನು ಒತ್ತದೆ, ಬೆರಳನ್ನು ಹಾಗೇ ಹಿಡಿದಿಟ್ಟರೆ ಅದು ಎಲ್ಲಿಗೆ ಕರೆದೊಯ್ಯುತ್ತದೆ ಎಂಬುದು ಕಾಣುತ್ತದೆ. ಹಾಗೆ ಕಂಡದ್ದು ‘ಪೇಪಾಲ್ ಡಾಟ್ ಕಾಮ್ ಡಾಟ್ ಖಾತೆರಕ್ಷಣೆ ಡಾಟ್ ಟಾಪ್’ ಎಂಬ ಮಾದರಿಯ ಒಂದು ಉದ್ದನೆಯ ಸಾಲು. ‘ಪೇಪಾಲ್ ಅಂತ ಇದೆಯಲ್ಲೋ’ ಎಂದರು ಮೇಷ್ಟ್ರು. ಹುಡುಗ ಇದಕ್ಕೆ ಕೊಟ್ಟ ಉದಾಹರಣೆ ನನಗೆ ಬಹಳ ಹಿಡಿಸಿತು. ‘ತಾತ, ಮೈಸೂರುಪಾಕ್ ಅಂಗಡಿ, ಮೈಸೂರು ರಸ್ತೆ, ಬೆಂಗಳೂರು ಅಂತ ಇದ್ದರೆ ಕಾಗದ ಯಾವ ಊರಿಗೆ ಹೋಗುತ್ತೆ?’ ಎರಡು ಸಲ ಮೈಸೂರು ಬಂದರೂ ಕಾಗದ ಹೋಗುವುದು ಬೆಂಗಳೂರಿಗೆ. ಹೀಗೆ ಕೊನೆಯ ತುಂಡು, ಅದರ ಹಿಂದಿನ ತುಂಡು, ಇವೆರಡೇ ಯಜಮಾನರು. ಮುಂದೆ ಎಷ್ಟು ಪೇಪಾಲ್ ಇದ್ದರೂ ಬರೀ ಅಲಂಕಾರ. ನಮ್ಮ ಎಷ್ಟೋ ಬ್ಯಾಂಕುಗಳ ವಿಳಾಸದಲ್ಲಿ ಮಾತ್ರ ಕೊನೆಯ ಮೂರು ತುಂಡು ನೋಡಬೇಕಂತೆ. ಅದರ ಕಥೆ ಮುಂದಿದೆ.

ಅಲಂಕಾರ ಬಿಟ್ಟು ವೇಷ ಹಾಕುವವರೂ ಇದ್ದಾರೆ. 2000ದಲ್ಲಿ, ಪೇಪಾಲ್ ಇನ್ನೂ ಹಸುಗೂಸಾಗಿದ್ದಾಗ, ಒಬ್ಬ ಮಹಾನುಭಾವ ಹೆಸರಿನ ಕೊನೆಯ ಎಲ್ ತೆಗೆದು ಅಲ್ಲಿ ಐ ಕೂರಿಸಿ ಒಂದು ತಾಣವನ್ನೇ ತೆರೆದಿದ್ದ. ಇಂಗ್ಲಿಷಿನ ದೊಡ್ಡ ಐ ಮತ್ತು ಚಿಕ್ಕ ಎಲ್ ಪರದೆಯ ಮೇಲೆ ಅವಳಿಜವಳಿ. ರಷ್ಯನ್ ಭಾಷೆಯ ಸಿರಿಲಿಕ್ ಲಿಪಿಯಲ್ಲಿರುವ ‘ಎ’ ನಮ್ಮ ಕಣ್ಣಿಗೆ ಇಂಗ್ಲಿಷಿನದೇ. ಕಂಪ್ಯೂಟರಿಗೆ ಬೇರೆಯೇ ಅಕ್ಷರ. ಇದನ್ನು ಕೇಳಿ ಮೇಷ್ಟ್ರಿಗೆ ಹುರುಪು ಬಂತು. ಕನ್ನಡದ ಅಂಕಿಯ ಸೊನ್ನೆಗೂ ‘ಅಂ’ಗೆ ಹಾಕುವ ಸೊನ್ನೆಗೂ ಕಣ್ಣಿಗೆ ಏನು ವ್ಯತ್ಯಾಸ, ನಮ್ಮಲ್ಲೂ ಕಳ್ಳತನಕ್ಕೆ ಬೇಕಾದಷ್ಟು ಅನುಕೂಲವಿದೆ ಎಂದು ಭಾಷಾಭಿಮಾನದಿಂದ ಹೇಳಿದರು.

ವಿಳಾಸದ ಪಕ್ಕದ ಬೀಗದ ಚಿತ್ರವನ್ನು ನಂಬಿ ಕೂತಿದ್ದವನು ನಾನು. ಆ ಬೀಗ, ನಾನು ಕಳಿಸಿದ್ದನ್ನು ನಡುದಾರಿಯಲ್ಲಿ ಯಾರೂ ಓದುವುದಿಲ್ಲ ಎಂದಷ್ಟೇ ಹೇಳುತ್ತದಂತೆ. ಆ ತುದಿಯಲ್ಲಿ ಕೂತಿರುವವನು ಸಭ್ಯಸ್ಥ ಎಂದು ಹೇಳುವುದಿಲ್ಲ. ಕಳ್ಳನಿಗೂ ಪುಕ್ಕಟೆ ಸಿಗುತ್ತದೆ. ‘ಪ್ರಿಯ ಗ್ರಾಹಕರೇ’ ಎಂದಿದ್ದರೆ ಅನುಮಾನಿಸಿ, ಪೇಪಾಲ್ ಹೆಸರು ಹಿಡಿದೇ ಬರೆಯುತ್ತದೆ ಎಂಬುದು ಹಳೆಯ ಬುದ್ಧಿಮಾತು. ಈಗ ನಮ್ಮ ಹೆಸರು, ಫೋನು ಎಲ್ಲ ಎಲ್ಲೆಲ್ಲೋ ಸೋರಿಹೋಗಿ, ಕಳ್ಳರೂ ತಂದೆಯ ಹೆಸರಿನ ಇನಿಷಿಯಲ್ ಸಮೇತ ಕರೆಯುತ್ತಾರೆ. ಇವೆಲ್ಲಕ್ಕಿಂತ ಒಳ್ಳೆಯ ಕಾವಲುಗಾರ ಪಾಸ್‌ವರ್ಡ್ ನೆನಪಿಟ್ಟುಕೊಂಡು ತುಂಬಿಕೊಡುವ ತಂತ್ರಾಂಶ. ಅದಕ್ಕೆ ಲಾಂಛನದ ಅಂದ ಕಾಣುವುದಿಲ್ಲ, ಹೆದರಿಕೆ ಗೊತ್ತಿಲ್ಲ, ಸೆಮಿಕೋಲನ್ ಮೇಲೆ ಮೋಹವಿಲ್ಲ. ವಿಳಾಸದ ಒಂದಕ್ಷರ ಬೇರೆಯಾದರೆ ಬಾಯಿ ಬಿಡುವುದಿಲ್ಲ.

ನನ್ನದೇ ಒಂದು ಪರೀಕ್ಷೆಯೂ ಇದೆ. ಹುಡುಗನಿಗೆ ಅದು ಶಾಸ್ತ್ರೀಯವಲ್ಲ ಅನ್ನಿಸಿದರೂ ನಾನು ಬಿಟ್ಟಿಲ್ಲ. ಪತ್ರದಲ್ಲಿ ಅವಸರ ಎಷ್ಟಿದೆ ನೋಡುತ್ತೇನೆ. 2022ರ ಸುಮಾರಿಗೆ ದೇಶದ ತುಂಬ ಒಂದು ಸಂದೇಶ ಓಡಾಡಿತು, ನೆನಪಿರಬಹುದು. ಬಿಲ್ಲು ಕಟ್ಟಿಲ್ಲ, ಇವತ್ತು ರಾತ್ರಿ ಒಂಬತ್ತೂವರೆಗೆ ನಿಮ್ಮ ಮನೆಯ ಕರೆಂಟ್ ಕಟ್, ಕೂಡಲೇ ಈ ನಂಬರಿಗೆ ಫೋನ್ ಮಾಡಿ. ನಾನು ಓದಿದ ತಕ್ಷಣ ಸುಳ್ಳೆಂದೆ. ನಮ್ಮಲ್ಲಿ ರಾತ್ರಿ ಒಂಬತ್ತೂವರೆಗೆ ಬಂದು ಕೆಲಸ ಮಾಡುವ ಕಚೇರಿ ಯಾವುದಿದೆ? ಫ್ಯೂಸ್ ಹೋಗಿದೆ ಎಂದು ಅಂಗಲಾಚಿದರೂ ಬೆಳಗ್ಗೆ ಬರುತ್ತಾರೆ. ನನ್ನ ಹಣ ಇಟ್ಟುಕೊಂಡಿರುವ ಬ್ಯಾಂಕು ಎಂದಾದರೂ ನನ್ನ ಬಗ್ಗೆ ಆತುರಪಟ್ಟಿದೆಯೇ? ನನ್ನ ಸಹಿಯ ಬಾಲ ಸ್ವಲ್ಪ ಬಲಕ್ಕೆ ತಿರುಗಿದೆಯೆಂದು ಚೆಕ್ಕನ್ನು ವಾಪಸು ಮಾಡಿ, ವಾರ ಕಳೆದ ಮೇಲೆ ತಿಳಿಸುವವರು ಅವರು. ಅಂಥವರು ‘ನಿಮ್ಮ ಸುರಕ್ಷತೆಯೇ ನಮ್ಮ ಉಸಿರು’ ಎಂದು ರಾತ್ರಿ ಹನ್ನೊಂದಕ್ಕೆ ಬರೆದರೆ ನಂಬುವುದು ಹೇಗೆ? ಹಣ ಬರಬೇಕಾದರೂ ಪಿನ್ ಒತ್ತಿ ಎನ್ನುವ ಯುಪಿಐ ಮಹಾಶಯರ ದಾನಬುದ್ಧಿಯೂ ಇದೇ ಜಾತಿಯದು. ಯುಪಿಐಯಲ್ಲಿ ಪಿನ್ ಇರುವುದು ಕೊಡುವುದಕ್ಕೆ. ತೆಗೆದುಕೊಳ್ಳುವುದಕ್ಕೆ ಅದರ ಕೆಲಸವೇ ಇಲ್ಲ.

ಇಷ್ಟೆಲ್ಲ ಕಲಿತು ನಾವು ಹುಷಾರಾಗಿದ್ದಾಗ, ಪಾಠ ಹೇಳಿದ ಹುಡುಗನಿಗೇ ಒಂದು ಮೇಲ್ ಬಂತು. ಪೇಪಾಲ್‌ನಿಂದಲೇ. ವಿಳಾಸ ಅಸಲಿ, ಲಿಂಕ್ ಅಸಲಿ, ಲಾಂಛನ ಅಸಲಿ. ಯಾರೋ ಅವನ ಹೆಸರಿಗೆ ಐನೂರು ಚಿಲ್ಲರೆ ಡಾಲರಿನ ಇನ್‌ವಾಯ್ಸ್ ಕಳಿಸಿದ್ದರು. ಯಾರು ಯಾರಿಗೆ ಬೇಕಾದರೂ ಇನ್‌ವಾಯ್ಸ್ ಕಳಿಸುವ ಸೌಲಭ್ಯ ಅಲ್ಲಿದೆ. ಕಳ್ಳ ಅದನ್ನೇ ಹಿಡಿದ. ನಕಲಿ ಪತ್ರ ಬರೆಯುವ ಶ್ರಮವೇ ಇಲ್ಲದೆ ಅಸಲಿ ಕಂಪನಿಯಿಂದಲೇ ಅಸಲಿ ಪತ್ರ ಬರೆಸಿದ. ತನ್ನದೆಂದು ಸೇರಿಸಿದ್ದು ಟಿಪ್ಪಣಿಯ ಜಾಗದಲ್ಲಿ ಒಂದು ಸಾಲು: ಈ ಖರೀದಿ ನೀವು ಮಾಡಿದ್ದಲ್ಲವಾದರೆ ತಕ್ಷಣ ಈ ನಂಬರಿಗೆ ಕರೆ ಮಾಡಿ. ಕರೆ ಮಾಡಿದರೆ ಆ ಕಡೆ ಒಬ್ಬ ಸೌಜನ್ಯದ ಮೂರ್ತಿ ಕೂತಿರುತ್ತಾನೆ. ಹಣ ವಾಪಸು ಕೊಡಿಸುತ್ತೇನೆ ಎಂದು ಕಂಪ್ಯೂಟರಿನೊಳಗೆ ಇಣುಕುವ ಒಂದು ಆ್ಯಪ್ ಹಾಕಿಸುತ್ತಾನೆ. ಅಲ್ಲಿಂದ ಮುಂದೆ ಮನೆ ಅವನದು.

ಮೇಷ್ಟ್ರ ವ್ಯಾಕರಣ ಇಲ್ಲಿ ಸೋತಿತು, ಮೊಮ್ಮಗನ ವಿಳಾಸಶಾಸ್ತ್ರವೂ ಸೋತಿತು. ‘ತಕ್ಷಣ’ ಎಂಬ ಪದ ಕಂಡು ನಾನು ಮಾತ್ರ ಮೀಸೆ ತಿರುವಿದೆ. ಹುಡುಗ ಮಾಡಿದ್ದು ಇಷ್ಟೇ: ಮೇಲ್ ಮುಚ್ಚಿದ. ಅದರಲ್ಲಿದ್ದ ನಂಬರನ್ನೂ ಮುಟ್ಟಲಿಲ್ಲ, ಗುಂಡಿಯನ್ನೂ ಮುಟ್ಟಲಿಲ್ಲ. ತಾನೇ ಪೇಪಾಲ್ ಆ್ಯಪ್ ತೆರೆದು ನೋಡಿದ. ಬಿಲ್ಲು ಅಲ್ಲಿ ತೆಪ್ಪಗೆ ಕೂತಿತ್ತು, ಒಂದು ಕಾಸೂ ಹೋಗಿರಲಿಲ್ಲ. ಬಿಲ್ಲೆಂದರೆ ಕೇಳಿಕೆ ಅಷ್ಟೇ. ಅದನ್ನು ರದ್ದುಮಾಡಿ, ದೂರು ಒತ್ತಿ, ಕಾಫಿ ಕುಡಿಯಲು ಬಂದ. ಬಂದ ಪತ್ರ ಅಸಲಿಯೋ ನಕಲಿಯೋ ಎಂದು ಪತ್ತೇದಾರಿ ಮಾಡುವ ಅಗತ್ಯವೇ ಇಲ್ಲದ ಈ ಉಪಾಯ ನನಗೆ ಮೊದಲೇ ಯಾಕೆ ಹೇಳಲಿಲ್ಲ ಎಂದು ಕೇಳಿದೆ. ‘ತಾತನಿಗೆ ತಿದ್ದೋ ಕೆಲಸ ತಪ್ಪಿಹೋಗುತ್ತಲ್ಲ ಮಾಮ’ ಎಂದ.

ಎಲ್ಲರಿಗೂ ಇಂಥ ಮೊಮ್ಮಕ್ಕಳಿರುವುದಿಲ್ಲ. ನಮ್ಮ ಬೀದಿಯ ಒಬ್ಬರು ಗುಂಡಿ ಒತ್ತಿದರು, ಒಟಿಪಿಯನ್ನೂ ಕೊಟ್ಟರು. ಹಣ ಹೋದದ್ದಕ್ಕಿಂತ ಅವರಿಗೆ ಜನ ಏನಂದಾರು ಎಂಬ ಚಿಂತೆ ಹೆಚ್ಚಾಗಿ, ಹೆಂಡತಿಗೂ ಹೇಳದೆ ದಿನ ದೂಡಿದರು. ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿದ್ದರೆ ಹಣ ಇನ್ನೊಂದು ಖಾತೆಗೆ, ಅಲ್ಲಿಂದ ಮತ್ತೊಂದಕ್ಕೆ ನೆಗೆಯುವ ಮೊದಲೇ ತಡೆಹಿಡಿಯುವ ಸಾಧ್ಯತೆಯಾದರೂ ಇತ್ತು. ರಿಸರ್ವ್ ಬ್ಯಾಂಕಿನ 2017ರ ಸುತ್ತೋಲೆಯ ಪ್ರಕಾರವೂ, ಗ್ರಾಹಕರೇ ಗುಟ್ಟು ಬಿಟ್ಟುಕೊಟ್ಟಿದ್ದರೆ ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ಅವರದು, ತಿಳಿಸಿದ ನಂತರದ್ದು ಬ್ಯಾಂಕಿನದು. ಮರ್ಯಾದೆಗೆ ಅಂಜಿ ಕೂತಷ್ಟೂ ಬಾಬ್ತು ನಮ್ಮ ಲೆಕ್ಕಕ್ಕೇ ಏರುತ್ತದೆ. ಅವರನ್ನು ಕಂಡು ನಗುವವರಿಗೆ ಒಂದು ಮಾತು ಹೇಳಬೇಕೆನ್ನಿಸುತ್ತದೆ: ಅವರ ಮಗನ ಫೀಸು ಕಟ್ಟುವ ಕೊನೆಯ ದಿನ ಅದು, ಕಳ್ಳ ಬಂದದ್ದು ಆ ಹೊತ್ತಿಗೆ.

ಈಚೆಗೆ ಮೇಷ್ಟ್ರಿಗೆ ಪಿಂಚಣಿ ಬರುವ ಬ್ಯಾಂಕಿನಿಂದ ಒಂದು ಮೇಲ್ ಬಂತು. ನಮ್ಮ ಜಾಲತಾಣದ ವಿಳಾಸ ಬದಲಾಗಿದೆ, ಇನ್ನು ಮುಂದೆ ಡಾಟ್ ಬ್ಯಾಂಕ್ ಡಾಟ್ ಇನ್. ವಿಷಯ ನಿಜವೇ. ದೇಶದ ಬ್ಯಾಂಕುಗಳೆಲ್ಲ 2025ರ ಅಕ್ಟೋಬರ್ 31ರೊಳಗೆ ಈ ಬಾಲಕ್ಕೆ ಬದಲಾಗಬೇಕೆಂದು ರಿಸರ್ವ್ ಬ್ಯಾಂಕ್ ಹೇಳಿತ್ತು. ಬ್ಯಾಂಕಲ್ಲದವರಿಗೆ ಆ ಬಾಲ ಸಿಗುವುದಿಲ್ಲ. ಆದರೆ ಪತ್ರದಲ್ಲಿ ಎರಡು ಸ್ಪೆಲಿಂಗ್ ತಪ್ಪು, ಕಾಮಾ ಇರಬೇಕಾದಲ್ಲಿ ಚುಕ್ಕಿ, ತಲೆಗೆ ‘ಡಿಯರ್ ಸರ್ ಆರ್ ಮೇಡಮ್’. ಮೇಷ್ಟ್ರು ಹತ್ತಕ್ಕೆ ನಾಲ್ಕು ಕೊಟ್ಟರು. ವಿಳಾಸದ ಕೊನೆ ಸರಿಯಿದೆ ಎಂದು ಮೊಮ್ಮಗ ಫೋನಿನಲ್ಲಿ ಸಾರಿ ಸಾರಿ ಹೇಳಿದರೂ ಕೇಳದೆ, ಕೆಂಪು ಶಾಯಿಯ ಪ್ರಿಂಟ್ ಹಿಡಿದು, ನನ್ನನ್ನೂ ಹೊರಡಿಸಿಕೊಂಡು ಬ್ಯಾಂಕಿಗೇ ಹೋದರು.

ಮೊದಲ ಕೌಂಟರಿನವರು ಮೂರನೆಯದಕ್ಕೆ ಕಳಿಸಿದರು. ಮೂರನೆಯದರಲ್ಲಿ ಕುರ್ಚಿ ಇತ್ತು, ಕುರ್ಚಿಯ ಮೇಲೆ ಸ್ವೆಟರ್ ಇತ್ತು. ಊಟ ಮುಗಿಸಿ ಬಂದ ಹೆಣ್ಣುಮಗಳು ಕಾಗದದ ಮೇಲಿನ ಅಂಕಗಳನ್ನೂ ನಮ್ಮ ಮುಖವನ್ನೂ ನೋಡಿದರು.

‘ಇದು ನಮ್ದೇ ಸಾರ್. ಸುಮ್ನೆ ತಿಳಿಸೋಕ್ಕೆ ಕಳಿಸಿರೋದು. ಬಂದಿದ್ದೀರಲ್ಲ, ನಿಮ್ಮ ಕೆವೈಸಿ ಹಳೇದಾಗಿದೆ. ಎರಡು ಫೋಟೋ, ಆಧಾರ್ ಜೆರಾಕ್ಸ್ ತಗೊಂಡು ಸೋಮವಾರ ಬನ್ನಿ. ಇವತ್ತು ಸರ್ವರ್ ಡೌನ್.’

‘ತಡವಾದರೆ ಖಾತೆ ಬಂದ್ ಆಗುತ್ತೇನಮ್ಮ?’

‘ಅದೆಲ್ಲ ಈಗ್ಲೇ ಹೇಳೋಕ್ಕಾಗಲ್ಲ ಸಾರ್. ನೆಕ್ಸ್ಟ್!’

ಮೇಷ್ಟ್ರು ಮೆಟ್ಟಿಲಿಳಿಯುತ್ತ ಕಾಗದ ಮಡಿಸಿ ಜೇಬಿಗಿಟ್ಟುಕೊಂಡರು. ಮುಖದಲ್ಲಿ ಸಂಪೂರ್ಣ ಸಮಾಧಾನ.

‘ಅನುಮಾನವೇ ಇಲ್ಲ ಅಳಿಯಂದಿರೇ, ಅಸಲಿ ಬ್ಯಾಂಕೇ ಇದು.’