21 ದಿನಕ್ಕೊಂದು ಸಿಮ್ಮು

ನ್ಯೂಜೆರ್ಸಿಯಿಂದ ಪಂಚನಹಳ್ಳಿಗೆ ಬಂದಿಳಿದ ಮಾರನೇ ದಿನವೇ ನಮ್ಮ ಜಗಲಿಯ ಮೇಲೆ ಪಂಚಾಯ್ತಿ ಸೇರಿತು. ವಿಷಯ ಒಂದೇ: ನಾನಿರುವ 21 ದಿನಕ್ಕೆ ಯಾವ ಸಿಮ್ಮು?

ಅಮೆರಿಕದ ನಂಬರನ್ನೇ ಇಲ್ಲೂ ಓಡಿಸಬಹುದಿತ್ತು. ದಿನಕ್ಕೆ 12 ಡಾಲರ್, ಒಟ್ಟು 252. ನಮ್ಮಮ್ಮ ಡಾಲರನ್ನು ರೂಪಾಯಿಗೆ ತಿರುಗಿಸುವುದಿಲ್ಲ, ಸೀದಾ ತೆಂಗಿನಕಾಯಿಗೇ ತಿರುಗಿಸುತ್ತಾಳೆ. "ಒಂದು ಕೊಯ್ಲಿನ ಕಾಯೆಲ್ಲ ನಿನ್ನ ಫೋನೇ ತಿಂದುಬಿಡ್ತಲ್ಲೋ!" ಅಂದಳು. ಪ್ರವಾಸಿಗಳಿಗೆಂದು ಮಾರುವ ಇ-ಸಿಮ್ಮುಗಳಲ್ಲಿ ಬಹುಪಾಲಿಗೆ ಇಂಟರ್‌ನೆಟ್ ಉಂಟು, ನಂಬರ್ ಇಲ್ಲ. ನಂಬರಿಲ್ಲದಿದ್ದರೆ ಕಡೂರಿಂದ ಬರುವ ಕಾರಿನವನಿಗೆ ತೋಟದ ದಾರಿ ಹೇಳುವುದು ಹೇಗೆ?

ಚಿಕ್ಕಪ್ಪ ಸರ್ಕಾರಿ ಕಂಪನಿಯ ಪಕ್ಷ. ಅತ್ತಿಗೆ ಕೆಂಪು ಬೋರ್ಡು, ಅಣ್ಣನ ಮಗ ನೀಲಿ ಬೋರ್ಡು. ಗ್ರಾಮ ಪಂಚಾಯ್ತಿ ಎಲೆಕ್ಷನ್ನಿನಲ್ಲೂ ನಮ್ಮ ಮನೆ ಇಷ್ಟು ಒಡೆದಿರಲಿಲ್ಲ. ಕೊನೆಗೆ, ಅಂಗಡಿಗೆ ಸ್ಕೂಟರ್ ಕೊಡುವವನು ಅಣ್ಣನ ಮಗನಾದ್ದರಿಂದ ನೀಲಿ ಗೆದ್ದಿತು.

ಪ್ಲಾನು 28 ದಿನದ್ದು. ಮೊಬೈಲ್ ಕಂಪನಿಗಳ ಪಂಚಾಂಗದಲ್ಲಿ ತಿಂಗಳೆಂದರೆ ಅಷ್ಟೇ. ವರ್ಷಕ್ಕೆ 13 ರೀಚಾರ್ಜು. 30 ದಿನದ್ದೂ ಒಂದಾದರೂ ಇರಲಿ ಎಂದು 2022ರಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ ಆಜ್ಞೆ ಮಾಡಬೇಕಾಯಿತು. ನಮಗೆಲ್ಲ ಅಧಿಕಮಾಸ ಮೂರು ವರ್ಷಕ್ಕೊಮ್ಮೆ ಬಂದರೆ ಇವರಿಗೆ ವರ್ಷವರ್ಷವೂ ಬರುತ್ತದೆ.

ಅಂಗಡಿ ಹುಡುಗ ಆಧಾರ್ ನೋಡಿದ, ಫೋಟೊ ಹಿಡಿದ, "ಸಾರ್, ಕಣ್ಣು ಮಿಟುಕಿಸಿ" ಅಂದ, ಮಿಟುಕಿಸಿದೆ. "ಮನೆಯವರದ್ದೊಂದು ನಂಬರ್ ಕೊಡಿ, ಓಟಿಪಿ ಹೋಗುತ್ತೆ." ಅಮ್ಮನದು ಕೊಟ್ಟೆ. ಅವನ ಫೋನಿನಿಂದಲೇ ಅಮ್ಮನಿಗೆ ಮಾಡಿದೆ.

"ಅಮ್ಮಾ, ಈಗೊಂದು ಮೆಸೇಜ್ ಬಂತಲ್ಲ, ಅದರಲ್ಲಿರೋ ನಂಬರ್ ಹೇಳು."

"ಯಾರಪ್ಪಾ ನೀನು?"

"ನಾನಮ್ಮ, ನಿನ್ನ ಮಗ!"

"ಎಲ್ಲಾ ಕಳ್ಳರೂ ಹಂಗೇ ಅನ್ನೋದು. ನನ್ನ ಮಗನ ನಂಬರ್ ಇದಲ್ಲ."

"ನಂಬರ್ ತಗೊಳೋಕೇ ಬಂದಿದೀನಮ್ಮ!"

"ಓಟಿಪಿ ಯಾರಿಗೂ ಹೇಳಂಗಿಲ್ಲ. ಮಕ್ಕಳ ಧ್ವನೀನೂ ಮಾಡ್ತಾರಂತೆ ಈಗ." ಒಂದು ಗಳಿಗೆ ಸುಮ್ಮನಿದ್ದು, "ಮಗ ಆಗಿದ್ರೆ ಹೇಳು, ರಾತ್ರಿ ಎಷ್ಟು ಮುದ್ದೆ ಉಂಡೆ?"

"ಎರಡು."

"ಸುಳ್ಳು! ಒಂದೂವರೆ." ಫೋನು ಕಟ್.

ಉಳಿದರ್ಧ ಮುದ್ದೆಯನ್ನು ಕರುವಿನ ಬಾನಿಗೆ ಹಾಕಿದ್ದು ಅವಳಿಗೆ ಹೇಗೆ ಗೊತ್ತಾಯಿತೋ! ಅಷ್ಟರಲ್ಲಿ ಓಟಿಪಿಯ ಆಯುಸ್ಸೂ ಮುಗಿದಿತ್ತು. ಅಂಗಡಿ ಹುಡುಗ ನನ್ನನ್ನೇ ಅನುಮಾನದಿಂದ ನೋಡತೊಡಗಿದ.

ಸ್ಕೂಟರ್ ತಿರುಗಿಸಿ ಅಮ್ಮನನ್ನೇ ಕೂರಿಸಿಕೊಂಡು ಬಂದೆ. ಎರಡನೇ ಓಟಿಪಿ ಬಂತು. ಅಂಗಡಿಯಲ್ಲಿ ನಾಲ್ಕು ಜನ ನಿಂತಿದ್ದರು. ಅವಳು ಬಾಯಿ ಬಿಡಲಿಲ್ಲ. ಸೆರಗು ಮರೆಮಾಡಿ, ಕನ್ನಡಕ ಏರಿಸಿ, ಒಂದೊಂದೇ ಅಂಕಿ ನೋಡಿ ಹುಡುಗನ ಫೋನಿನಲ್ಲಿ ತಾನೇ ಒತ್ತಿದಳು.

ಸಿಟ್ಟು ಬಂದದ್ದು ನಿಜ. ಆದರೆ ಸೈಬರ್ ವಂಚನೆ ದೂರಿಗೆ 1930ಕ್ಕೆ ಫೋನ್ ಮಾಡಬೇಕೆಂಬುದು ಅಮ್ಮನಿಗೆ ಬಾಯಿಪಾಠ. ನನಗೆ ಅದನ್ನು ಹೇಳಿಕೊಟ್ಟವಳೂ ಅವಳೇ, ಸ್ಕೂಟರಿನ ಹಿಂದೆ ಕೂತು.

ಈ ಸಲ ರಜೆಗೆ ಊರಿಗೆ ಹೊರಟವರಲ್ಲಿ ಒಂದು ವಿನಂತಿ: ಸಿಮ್ಮಿನಂಗಡಿಗೆ ಹೋಗುವಾಗ ಆಧಾರ್ ಮರೆತರೂ ಚಿಂತೆಯಿಲ್ಲ, ತರಲು ಮನೆಗೆ ಓಡಬಹುದು. ಅಮ್ಮನನ್ನು ಮಾತ್ರ ಮೊದಲೇ ಕರೆದುಕೊಂಡು ಹೋಗಿ.