ಐದು ನಿಮಿಷದ ನಿರ್ವಾಣ

ರೋಗಕ್ಕಾಗಲಿ ಮದ್ದಿಗಾಗಲಿ ನಾವು ಚಿಕ್ಕಬಳ್ಳಾಪುರದವರು ಜಿಲ್ಲೆ ದಾಟಬೇಕಾಗಿಲ್ಲ. 2023ರ ಸಂಕ್ರಾಂತಿಗೆ ಆವಲಗುರ್ಕಿಯಲ್ಲಿ 112 ಅಡಿಯ ಆದಿಯೋಗಿ ಎದ್ದು ನಿಂತ. ಅದೇ ವರ್ಷದ ಅಕ್ಟೋಬರಿನಲ್ಲಿ, ನಮ್ಮ ಶಿಡ್ಲಘಟ್ಟದಲ್ಲೇ ಹುಟ್ಟಿದ ನಾರಾಯಣ ಮೂರ್ತಿಯವರು ದೇಶದ ಹುಡುಗರು ವಾರಕ್ಕೆ 70 ಗಂಟೆ ದುಡಿಯಬೇಕು ಎಂದರು. ಮದ್ದು ಮೊದಲು ಬಂತು, ಕಾಯಿಲೆ ಆಮೇಲೆ. ಇಂಥ ಮುಂದಾಲೋಚನೆ ಆರೋಗ್ಯ ಇಲಾಖೆಗೂ ಇಲ್ಲ.

2025ರ ಜನವರಿಯಲ್ಲಿ ಎಲ್ ಅಂಡ್ ಟಿ ಅಧ್ಯಕ್ಷ ಸುಬ್ರಹ್ಮಣ್ಯನ್ ಅವರ ಮಾತು ಹೊರಬಿತ್ತು. ಸವಾಲು 90 ಗಂಟೆಗೆ ಏರಿತು. ಮನೆಯಲ್ಲಿ ಕೂತು ಎಷ್ಟು ಹೊತ್ತು ಹೆಂಡತಿ ಮುಖ ನೋಡುತ್ತೀರಿ ಎಂಬುದು ಅವರ ಪ್ರಶ್ನೆ. ಮರುತಿಂಗಳ ಶಿವರಾತ್ರಿಗೆ, ಆದಿಯೋಗಿಯನ್ನು ನಿಲ್ಲಿಸಿದ ಈಶದಿಂದ 7 ನಿಮಿಷದ ಧ್ಯಾನದ ಆ್ಯಪ್ ಬಂತು. ಕೇಂದ್ರ ಸರ್ಕಾರ ಇನ್ನೂ ಚುರುಕು. 2021ರಲ್ಲೇ ಆಯುಷ್ ಸಚಿವಾಲಯ ‘ವೈ-ಬ್ರೇಕ್’ ಆ್ಯಪ್ ಬಿಟ್ಟು, ತಾಡಾಸನದಿಂದ ಹಿಡಿದು ಭ್ರಾಮರಿ, ಧ್ಯಾನದವರೆಗೆ ಎಲ್ಲವನ್ನೂ 5 ನಿಮಿಷದಲ್ಲಿ ಮುಗಿಸಿಕೊಟ್ಟಿತ್ತು. ಫೈಲು ಮಾತ್ರ ಅದೇ ವೇಗದಲ್ಲಿ ನಡೆಯಬೇಕೆಂದು ಯಾರೂ ಕೇಳಬೇಡಿ.

ಲೆಕ್ಕ ಹಾಕಿ. 70 ಗಂಟೆ ಅಂದರೆ 4,200 ನಿಮಿಷ. ದಿನಕ್ಕೆ ಐದರಂತೆ ಆರು ದಿನಕ್ಕೆ 30 ನಿಮಿಷ ಶಾಂತಿ. ಶೇ 1 ಕೂಡ ಆಗಲಿಲ್ಲ. ಚಿನ್ನ ಕೊಂಡರೆ ಸರ್ಕಾರ ಶೇ 3 ಜಿಎಸ್‌ಟಿ ಹಿಡಿಯುತ್ತದೆ. ಜೀವ ಕೊಂಡವರು ಅಷ್ಟನ್ನೂ ಬಿಟ್ಟುಕೊಡುವುದಿಲ್ಲ.

ಕಳವಾರದ ಹುಡುಗನೊಬ್ಬ ದಿನಾ ಬೆಂಗಳೂರಿಗೆ ಹೋಗಿ ಬರುತ್ತಾನೆ. ಹೆಬ್ಬಾಳದ ಮೇಲ್ಸೇತುವೆಯಲ್ಲಿ ಬಸ್ಸು ನಿಂತರೆ ಅಲ್ಲಿಗೆ ಅವನ ಮೊದಲ ಸಮಾಧಿ ಸ್ಥಿತಿ. ಎರಡನೆಯದು ಆಫೀಸಿನಲ್ಲಿ, ಮಧ್ಯಾಹ್ನ ಮೂರಕ್ಕೆ. ಐದು ನಿಮಿಷ ಎಲ್ಲರೂ ಕಣ್ಣು ಮುಚ್ಚಬೇಕು. ಕ್ಯಾಲೆಂಡರಿನಲ್ಲಿ ಇಡೀ ಟೀಮು ಒಟ್ಟಿಗೆ ಖಾಲಿ ಕಾಣುವ ಹೊತ್ತು ಅದೊಂದೇ ಆದ್ದರಿಂದ ಮ್ಯಾನೇಜರ್ ಸಾಹೇಬರು ಅಲ್ಲೇ ಮೀಟಿಂಗ್ ಇಡತೊಡಗಿದ್ದಾರೆ.

“ಕಣ್ಣು ಮುಚ್ಚಿದ್ರೆ ಏನಪ್ಪಾ ಕಾಣತ್ತೆ?” ಅಂದೆ.

“ಇಪ್ಪತ್ತಾರು ಅನ್‌ರೀಡ್ ಮೇಲ್ ಸಾರ್.”

ಭಾನುವಾರ ಸಂಚಾರ ಉಲ್ಟಾ. ಬೆಂಗಳೂರಿನ ದಣಿದ ಜೀವಗಳೆಲ್ಲ ಮೋಡದ ಮೇಲೆ ಸೂರ್ಯ ನೋಡಲು ನಮ್ಮ ಕಳವಾರ ಬೆಟ್ಟಕ್ಕೆ, ಅಂದರೆ ಅವರ ಬುಕಿಂಗ್‌ನ ಸ್ಕಂದಗಿರಿಗೆ, ಬರುತ್ತವೆ. ಅತ್ತ ನಂದಿಯ ರಸ್ತೆಯಲ್ಲಿ ಬೆಳಕು ಹರಿಯುವ ಮೊದಲೇ ಕಾರುಗಳ ಸಾಲು. ನಿಶ್ಶಬ್ದ ಬೇಗ ಸಿಗಲಿ ಎಂದು ಹಾರ್ನ್ ಮೇಲೆ ಹಾರ್ನ್. ತುದಿ ಮುಟ್ಟಿದವರು ಫೋನು ಎತ್ತಿ ಹಿಡಿದ ಮೇಲಷ್ಟೇ ಸೂರ್ಯನಿಗೆ ಹುಟ್ಟಲು ಅಪ್ಪಣೆ. ನಮ್ಮ ಹುಡುಗ ಅದೇ ಬೆಟ್ಟದ ಬುಡದಲ್ಲಿ ದುಪ್ಪಟಿ ಎಳೆದುಕೊಂಡು ಮಲಗಿರುತ್ತಾನೆ. ಇಡೀ ತಾಲ್ಲೂಕಿನಲ್ಲಿ ಆ ಹೊತ್ತಿಗೆ ನಿಜವಾಗಿ ಧ್ಯಾನಕ್ಕೆ ಕೂತವನು, ಕ್ಷಮಿಸಿ, ಬಿದ್ದವನು ಅವನೊಬ್ಬನೇ.

ಈ ಸೀಮೆಗೆ ಧ್ಯಾನ ಹೊಸದೇನಲ್ಲ. ಕೈವಾರದ ತಾತಯ್ಯ, ಬಳೆ ಮಾರುತ್ತಿದ್ದ ಯೋಗಿ ನಾರೇಯಣರು, ಗುಹೆಯೊಳಗೆ ಮೂರು ವರ್ಷ ತಪಸ್ಸಿಗೆ ಕೂತರೆಂದು ಹೇಳುತ್ತಾರೆ. ಇವತ್ತಾಗಿದ್ದರೆ ಎಚ್‌ಆರ್‌ನಿಂದ ಮೇಲ್ ಬರುತ್ತಿತ್ತು: ರಜೆ ಮಂಜೂರಾಗಿಲ್ಲ, ನೋಟಿಸ್ ಪೀರಿಯಡ್ ಮುಗಿಸಿ, ಬಳೆ ಮಲಾರ ಹ್ಯಾಂಡ್‌ಓವರ್ ಮಾಡಿ ಗುಹೆಗೆ ತೆರಳತಕ್ಕದ್ದು.

ಆ್ಯಪಿನವರು ಶಿಡ್ಲಘಟ್ಟದ ಫಿಲೇಚರುಗಳ ಕಡೆ ತಲೆ ಹಾಕಿದ್ದನ್ನು ನಾನು ಕಾಣೆ. ಅಲ್ಲಿ ಬಿಸಿನೀರಿನಲ್ಲಿ ರೇಷ್ಮೆ ಗೂಡುಗಳು ಕುಣಿಯುತ್ತಿರುತ್ತವೆ. ಮುಂದೆ ಕೂತ ಹೆಂಗಸಿನ ಬೆರಳ ತುದಿ ನೆನೆದೂ ನೆನೆದೂ ಬಿಳಿಚಿ ಸುಕ್ಕುಗಟ್ಟಿರುತ್ತದೆ. ಆ ಬೆರಳೇ ಕಣ್ಣಿಗೂ ಸರಿಯಾಗಿ ಕಾಣದ ಎಳೆಯ ಕೊನೆ ಹುಡುಕಿ ಓಡುವ ನೂಲಿಗೆ ಸೇರಿಸಬೇಕು. ‘ವರ್ತಮಾನದಲ್ಲಿರಿ’ ಎಂದು ಆಕೆಗೆ ಯಾವ ಗುರುವೂ ಹೇಳಬೇಕಾಗಿಲ್ಲ. ಕೈ ಬಿಸಿನೀರಿನಲ್ಲಿರುವಾಗ ಮನಸ್ಸು ಇನ್ನೆಲ್ಲಿಗೆ ಹೋದೀತು? ಆಕೆಯ ಬ್ರೇಕು ಬೆಸ್ಕಾಂ ಕೈಯಲ್ಲಿದೆ.

ಬಿಡುವಿನ ವಿಷಯದಲ್ಲಿ ರೇಷ್ಮೆ ಹುಳವೇ ಪುಣ್ಯವಂತ. ಅದಕ್ಕೆ ನಾಲ್ಕು ಜ್ವರ, ಅಂದರೆ ಪೊರೆ ಕಳಚುವ ಹೊತ್ತು. ಜ್ವರಕ್ಕೆ ಕೂತಿತೆಂದರೆ ತಲೆ ಎತ್ತಿ, ಅಲ್ಲಾಡದೆ, ಹೆಚ್ಚುಕಮ್ಮಿ ಒಂದು ದಿನ. ಆಗ ಸೊಪ್ಪು ಬಂದ್, ಮುಟ್ಟುವಂತಿಲ್ಲ, ತಟ್ಟೆ ಕದಲಿಸುವಂತಿಲ್ಲ. ಹುಳದ ಮೇಲಿನ ಮಮತೆಗಲ್ಲ. ಜ್ವರ ಕೆಟ್ಟರೆ ಗೂಡು ಕೆಡುತ್ತದೆ, ಗೂಡು ಕೆಟ್ಟರೆ ಹರಾಜಿನಲ್ಲಿ ರೇಟು ಬೀಳುತ್ತದೆ. ಐದೇ ನಿಮಿಷಕ್ಕೆ ಯಾವ ಹುಳವೂ ಪೊರೆ ಕಳಚದು ಎಂಬಷ್ಟು ಮ್ಯಾನೇಜ್‌ಮೆಂಟು ನಮ್ಮ ರೇಷ್ಮೆ ರೈತನಿಗೆ ಗೊತ್ತು. ಕಂಪನಿಯವರು ಒಂದು ಬೆಳೆ ಇಲ್ಲಿ ನಿಂತು ಕಲಿತು ಹೋಗಲಿ. ಜ್ವರದಲ್ಲಿದ್ದಾಗ ಸುಮ್ಮನಿರುವುದನ್ನು ನಾವು ಹೇಳಿಕೊಡುತ್ತೇವೆ. ಹುಳ ಹಣ್ಣಾಗಿ, ಚಂದ್ರಿಕೆ ಹತ್ತಿ, ಗೂಡು ಕಟ್ಟಿ ಮುಗಿಸಿದ ಮೇಲೆ ಬೇಯಿಸುವ ಕೆಲಸವೊಂದಿದೆ. ಅದು ಅವರಿಗೆ ಮೊದಲೇ ಬರುತ್ತದೆ.